ಮಾರ್ದನಿಯ ಹೈದರಸಾಬರು
ಗಣಿಗಾರಿಕೆಯ ಭರಾಟೆಯ ಆ ವರ್ಷಗಳಲ್ಲಿ, ಬಳ್ಳಾರಿಯಲ್ಲಿ ಆರ್ಕೆಸ್ಟ್ರಾದವರ ಗಿಟಾರು, ಆಂಪ್ಲಿಫೈಯರು ರಿಪೇರಿ ಮಾಡುತ್ತಿದ್ದ ಹೈದರಸಾಬರ ಅಂಗಡಿಗೆ ಹೋದವರು ಬೇಗ ಹಿಂದಿರುಗಿದ್ದೇ ಇಲ್ಲ. ಅವರ ಮೇಜಿನ ಮೇಲೆ ಮಾರ್ದನಿ ಹುಟ್ಟಿಸುವ ಎರಡು ಪೆಟ್ಟಿಗೆಗಳು. ಒಂದು ನಲವತ್ತು ವರ್ಷ ಹಳೆಯದು, ಇನ್ನೊಂದು ಅದೇ ಮಾದರಿಯಲ್ಲಿ ಈಚೆಗೆ ಮತ್ತೆ ತಯಾರಿಸಿದ್ದು. ಗಿಟಾರಿನ ಸ್ವರ ಒಳಗಿನ ತೆಳು ಸ್ಪ್ರಿಂಗುಗಳಲ್ಲಿ ಈಜಾಡಿ ಮಾರ್ದನಿಯಾಗಿ ಹೊರಬರುತ್ತಿತ್ತು. "ಹೊಸದು ಬಾವ್ಯಾಗ ಕೂಗಿದಂಗ, ಚಲೋನ ಐತಿ. ಹಳೇದು ಕೆಂಚನಗುಡ್ಡದಾಗ ನಿಂತು ಹೊಳಿ ಆಚಿ ದಂಡಿಗೆ ಕೂಗಿದಂಗ ನೋಡ್ರಿ," ಎಂದು ಸಾಬರು ಕಣ್ಣು ಮುಚ್ಚುತ್ತಿದ್ದರು. ಕೈಯಲ್ಲಿನ ಚಹಾ ಆರಿಹೋಗುತ್ತಿತ್ತು. ಬೀದಿಯಲ್ಲಿ ಅದಿರಿನ ಲಾರಿ ಹಾದರೆ ಹಳೆಯ ಪೆಟ್ಟಿಗೆ ತಾನಾಗಿಯೇ ಗುಡುಗುತ್ತಿತ್ತು. ಸಾಬರು ಅದನ್ನು ಕೂಸಿನಂತೆ ತಟ್ಟಿ ಮಲಗಿಸುತ್ತಿದ್ದರು. ಗಣಿ ಧಣಿಗಳು ದೊಡ್ಡ ಕಾರುಗಳಲ್ಲಿ ಬಂದು ಅದನ್ನು ಕೇಳಿದರೂ "ಮಾರಾಂಗಿಲ್ರಿ" ಎಂದಿದ್ದರು. ಒಂದು ಮಧ್ಯಾಹ್ನ ಸಿರಿಗೇರಿಯ ಭಾಗ್ಯ ಬಂದಳು. ಮದುವೆಗಳಲ್ಲಿ ಗಿಟಾರ್ ನುಡಿಸುವ ಹುಡುಗಿ. ಹೊಸ ಪೆಟ್ಟಿಗೆ ಕೊಳ್ಳಬೇಕೆಂದಿದ್ದಳು. ಸಾಬರು ಮೊದಲು ಅದನ್ನು ಕೇಳಿಸಿದರು. ಆಮೇಲೆ ಹಳೆಯದಕ್ಕೆ ಗಿಟಾರು ಜೋಡಿಸಿ, ಒಂದೇ ತಂತಿ ಮೀಟಿ, ತಲೆ ಬಾಗಿಸಿ ಕೂತರು. ಸ್ವಲ್ಪ ಹೊತ್ತಿಗೆ, "ನಿಂತಿತೇನವ್ವಾ?" ಎಂದರು. "ಇಲ್ಲ ಚಾಚಾ, ಇನ್ನೂ ಕೇಳಾಕತ್ತೈತಿ." ಸಾಬರು ಅವಳ ಮುಖವನ್ನೇ ನೋಡುತ್ತ ಕಾದರು. ಬಹಳ ಹೊತ್ತಾದ ಮೇಲೆ ಅವಳು, "ಈಗ ನಿಂತಿತು," ಎಂದಳು. "ಆ ಕೊನೀ ದನಿ ನನ್ನ ಕಿವಿಗೆ ಬೀಳದ ಎರಡು ವರ್ಷ ಆತವ್ವಾ," ಎಂದ ಸಾಬರು ಹಳೆಯ ಪೆಟ್ಟಿಗೆಯ ವೈರು ಸುತ್ತಿ ಅವಳ ಮಡಿಲಿಗಿಟ್ಟರು. "ಕೇಳೋರ ಕಡೆ ಇರ್ಲಿ. ನನಗ ಹೊಸದು ಸಾಕು."