ಸೌಂಡ್ ಕಾರ್ಡಿನ ಮೇಲೆ ನಾನು ಹೂಡಿದ ಮೊಕದ್ದಮೆ

ಗಾಂಧಿಪುರಂನ ಹಳೇ ಕಂಪ್ಯೂಟರ್ ಅಂಗಡಿಯಿಂದ ಆ ಪೆಟ್ಟಿಗೆ ಮನೆಗೆ ಬಂದಾಗ ಅದರಲ್ಲಿ ಸದ್ದೊಂದು ಬಿಟ್ಟು ಎಲ್ಲವೂ ಇತ್ತು. ಅಂಗಡಿಯವನು ಅದಕ್ಕೆ ಲಿನಕ್ಸ್ ಹಾಕಿ ಕೊಟ್ಟಿದ್ದ. ಪರದೆ ಬೆಳಗಿತು, ಮೌಸ್ ಓಡಾಡಿತು, ಸ್ಪೀಕರುಗಳು ಮಾತ್ರ ಮೌನವ್ರತ ಹಿಡಿದು ಕೂತವು.

ಬೇರೆಯವರಾದರೆ ಬೇಸರಪಟ್ಟುಕೊಳ್ಳುತ್ತಿದ್ದರು. ನನಗೆ ಒಳಗೊಳಗೇ ಸಮಾಧಾನ. ಆ ದಿನಗಳಲ್ಲಿ ಮನೆಯಲ್ಲಿ ನನ್ನ ಕಿವಿಯ ವಿಚಾರಣೆ ನಡೆಯುತ್ತಿತ್ತು. ನನ್ನ ಹೆಂಡತಿಯೇ ದೂರುದಾರಳು, ಸಾಕ್ಷಿ, ನ್ಯಾಯಾಧೀಶೆ.

"ಕುಕ್ಕರ್ ಪಕ್ಕದಲ್ಲೇ ಕೂತಿದೀರಲ್ಲ, ಎಷ್ಟು ವಿಸಿಲ್ ಬಂತು?"

"ಎರಡು."

"ಐದು! ಬೇಳೆ ಕರಗಿ ನೀರಾಗೋಯ್ತು. ಕಿವಿ ಡಾಕ್ಟರ್ ಹತ್ರ ಯಾವಾಗ ಹೋಗಾಣ, ಮನೆ ಹತ್ತಿಕೊಂಡ ಮೇಲಾ?"

ನಾನು ಡಾಕ್ಟರ ಹತ್ತಿರ ಹೋಗಲು ಒಪ್ಪದೆ ಇದ್ದದ್ದಕ್ಕೆ ಕಾರಣವಿತ್ತು. ನಾನು ಕಿವಿಯಿಂದ ಅನ್ನ ತಿಂದವನು. ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್ ಶೆಡ್ಡುಗಳಲ್ಲಿ ಫಿಟ್ಟರ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವನು. ಮಗ್ಗಕ್ಕೆ ನಾವು ತರಿ ಎನ್ನುತ್ತೇವೆ. ಇಪ್ಪತ್ತು ತರಿ ಒಟ್ಟಿಗೆ ಬಡಿದುಕೊಳ್ಳುತ್ತಿರುವಾಗ ಬಾಗಿಲಲ್ಲಿ ನಿಂತು, ಏಳನೆಯದರ ಲಾಳಿ ತಡವಾಗಿ ಹೊರಡುತ್ತಿದೆ ಎಂದು ಹೇಳುತ್ತಿದ್ದೆ. ಕೆಲಸ ಬಿಟ್ಟ ಮೇಲೂ ಶೆಡ್ಡಿನವರು ಕರೆಯುವುದು ನನ್ನ ಕೈಗಾಗಿ ಅಲ್ಲ, ಕೈ ಆಗಲೇ ನಡುಗುತ್ತದೆ. ಕಿವಿಗಾಗಿ. ಕಿವಿ ಹೋಯಿತೆಂದರೆ ನನ್ನನ್ನು ಕರೆಯುವುದು ಮದುವೆ ಊಟಕ್ಕೆ ಮಾತ್ರ.

ಇನ್ನೊಂದು ಸಂಗತಿ ಹೆಂಡತಿಗೂ ಗೊತ್ತಿರಲಿಲ್ಲ. ಅದಕ್ಕೆ ಎರಡು ವಾರ ಮುಂಚೆ, ನೆಂಟರ ಹುಡುಗನೊಬ್ಬ ದೊಡ್ಡವನಾಗಿ ನಡೆಸುತ್ತಿರುವ ಶೆಡ್ಡಿನಲ್ಲಿ ಒಂದು ತರಿಯನ್ನು ಕೇಳಿ "ಏನಿಲ್ಲ, ಓಡಲಿ" ಎಂದು ತೀರ್ಪು ಕೊಟ್ಟು ಬಂದಿದ್ದೆ. ಮರುದಿನವೇ ಅದರ ಬೇರಿಂಗ್ ಸುಟ್ಟು ಹಿಡಿದುಕೊಂಡಿತು. ಒಣಗಿದ ಬೇರಿಂಗ್ ಸಣ್ಣಗೆ ಕೀರಲು ದನಿ ತೆಗೆಯದೆ ಸಾಯುವುದಿಲ್ಲ. ನನಗೆ ಕೇಳಿಸಿರಲಿಲ್ಲ. ಎಣ್ಣೆಯ ಮೇಲೆ ತಪ್ಪು ಹೊರಿಸಿದೆ. ಅವನು ನಂಬಿದ.

ಹೀಗಿರುವಾಗ, ಸದ್ದು ಕೇಳಿಸದಿದ್ದರೆ ಎಲ್ಲ ಸಲವೂ ಕಿವಿಯದೇ ತಪ್ಪಲ್ಲ ಎಂದು ಸಾಬೀತು ಮಾಡಲು ದೇವರೇ ಕಳಿಸಿದ ಹಾಗೆ ಈ ಕಂಪ್ಯೂಟರ್ ಬಂತು. ಸೆಟ್ಟಿಂಗ್ಸ್ ತೆಗೆದು ನೋಡಿದರೆ ಸೌಂಡ್ ಕಾರ್ಡ್ ಇರಬೇಕಾದ ಕಡೆ "ಡಮ್ಮಿ ಔಟ್‌ಪುಟ್" ಎಂದಿತ್ತು, ಅಂದರೆ ಕಾರ್ಡ್ ಇಲ್ಲದ ಬರೀ ಸೋಗು. ಹೆಂಡತಿಯನ್ನು ಕರೆದು ತೋರಿಸಿದೆ.

"ನೋಡು, ಅದೇ ಒಪ್ಪಿಕೊಳ್ತಾ ಇದೆ. ಕಾರ್ಡನ್ನ ನಡೆಸೋ ಡ್ರೈವರ್ ಅನ್ನೋ ಪ್ರೋಗ್ರಾಮೇ ಇಲ್ಲ."

"ಇರಲಿ. ಕುಕ್ಕರ್‌ಗೂ ಡ್ರೈವರ್ ಇಲ್ವಾ?" ಎಂದು ಅವಳು ಒಳಗೆ ಹೋದಳು.

ಇಂಟರ್ನೆಟ್ಟಿನಲ್ಲಿ ನನ್ನಂಥವರ ಒಂದು ಆಸ್ಪತ್ರೆಯೇ ಇದೆ. ಯಾವ ದೇಶದವನೋ ತನ್ನ ರೋಗ ಹೇಳಿಕೊಂಡಿರುತ್ತಾನೆ, ಇನ್ಯಾವ ದೇಶದ ಪುಣ್ಯಾತ್ಮನೋ ಔಷಧಿ ಬರೆದಿರುತ್ತಾನೆ, ಕೊನೆಯಲ್ಲಿ ಮೊದಲಿನವನು "ಸರಿಹೋಯಿತು" ಎಂದಷ್ಟೇ ಹೇಳಿ, ಹೇಗೆಂದು ಹೇಳದೆ ಹೊರಟುಹೋಗಿರುತ್ತಾನೆ. ನನ್ನ ಇಂಗ್ಲಿಷ್ ಮೆಷಿನ್ನಿನ ಕೈಪಿಡಿಗಳಲ್ಲಿ ಕಲಿತದ್ದು, ಅಷ್ಟಕ್ಕೆ ಸಾಕಾಯಿತು. ಕಪ್ಪು ಕಿಟಕಿಯಲ್ಲಿ ಕಮಾಂಡುಗಳನ್ನು ಒಂದೊಂದೇ ಅಕ್ಷರ ಕುಟ್ಟಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಕೊಟ್ಟದ್ದು ಪರದೆಯ ಮೇಲೆ ಕಾಣಿಸಲಿಲ್ಲ, ಅದು ಅಲ್ಲಿಯ ಮರ್ಯಾದೆಯಂತೆ. ಡ್ರೈವರ್ ಇಳಿಯಿತು, ಲಿನಕ್ಸಿನ ತಿರುಳಾದ ಕರ್ನಲ್ಲಿನ ಆವೃತ್ತಿ ಬೇರೆ ಎಂದು ಮುನಿಸಿಕೊಂಡಿತು. ತೆಗೆದೆ, ಬೇರೆ ಹಾಕಿದೆ.

ಎರಡನೆಯ ದಿನ ಡಮ್ಮಿ ಮಾಯವಾಗಿ ಕಾರ್ಡಿನ ನಿಜವಾದ ಹೆಸರು ಬಂತು. ಮ್ಯೂಟ್ ತೆಗೆದೆ. ಪುಣ್ಯಾತ್ಮನೊಬ್ಬ ಪರೀಕ್ಷೆಗೆಂದು ಒಂದು ಕಮಾಂಡ್ ಬರೆದಿದ್ದ, ಅದರ ಕೊನೆಯಲ್ಲಿ ನಾಲ್ಕು ಸಾವಿರ ಎಂಬ ಅಂಕಿ. ಯಾಕೆ ಎಂದು ನಾನು ಕೇಳಲಿಲ್ಲ. ಮಂತ್ರಕ್ಕೆ ಅರ್ಥ ಕೇಳಬಾರದು. ಕುಟ್ಟಿದೆ. ಮೌನ.

ಮತ್ತೆ ತೆಗೆದೆ, ಮತ್ತೆ ಹಾಕಿದೆ. ನಾಲ್ಕನೆಯ ದಿನದ ಹೊತ್ತಿಗೆ ಇಡೀ ಸಿಸ್ಟಮ್ಮನ್ನೇ ಎರಡು ಸಲ ಹೊಸದಾಗಿ ಹಾಕಿ, ಬೆನ್ನು ಹಿಡಿದುಕೊಂಡು, ಕಣ್ಣು ಉರಿಯುತ್ತಾ, ಪ್ರತಿ ಸಲವೂ ಅದೇ ಪರೀಕ್ಷೆ ಮಾಡಿ, ಅದೇ ಮೌನವನ್ನು ಕೇಳುತ್ತಾ ಕೂತಿದ್ದೆ. ದಣಿವಿನಲ್ಲೂ ಒಂದು ಹಟ. ಇದು ಡ್ರೈವರಿನದೇ ತಪ್ಪಾಗಿರಬೇಕು.

ಸಂಜೆ ಕಾಫಿ ತಂದ ಹೆಂಡತಿ ಲೋಟ ಇಟ್ಟು ಹೋಗುತ್ತಾ ಕೇಳಿದಳು: "ಇವತ್ತೂ ಇದು ಕೂಗ್ತಾನೇ ಇರತ್ತಾ?"

"ಏನು ಕೂಗೋದು?"

"ಇದೇ. ಕುಯ್ಯೋ ಅಂತ. ಮೊನ್ನೆಯಿಂದ ಕೂಗ್ತಾ ಇದೆಯಲ್ಲ, ಇಟ್ಟ ಹಾಲು ಕುಡಿಯೋಕೂ ಬೆಕ್ಕು ಬರಲಿಲ್ಲ."

"ಮೊನ್ನೆಯಿಂದ ಕೇಳಿಸ್ತಾ ಇದ್ದರೆ ಹೇಳೋದಲ್ವೇನೇ!"

"ಮೆಷಿನ್ ಸದ್ದು ಮಾಡ್ತಾ ಇದೆ ಅಂತ ಯಾರು ದೂರು ಹೇಳ್ತಾರೆ?"

ಅವಳಲ್ಲಿ ತಪ್ಪು ಹುಡುಕುವಂತಿಲ್ಲ. ನಮ್ಮ ನೇಕಾರ ಮನೆಗಳಲ್ಲಿ ಸೊಸೆಗೆ ಅತ್ತೆ ಕಲಿಸುವ ಮೊದಲ ಪಾಠವೇ ಅದು: ತರಿಯ ಸದ್ದನ್ನು ಬೈಯಬೇಡ, ಅದು ನಿಂತರೆ ಒಲೆ ಆರುತ್ತದೆ. ಮಗು ಮಲಗಿರಲಿ, ತಲೆ ಸಿಡಿಯುತ್ತಿರಲಿ, ಸದ್ದು ಜಾಸ್ತಿ ಎಂದು ಯಾರೂ ಬಾಯಿಬಿಡುವುದಿಲ್ಲ. ನನ್ನ ತಾಯಿಯೇ ಅವಳಿಗೆ ಕಲಿಸಿದ್ದು.

ಆ ಅಂಕಿ ದನಿ ಎಷ್ಟು ಕೀರಲು ಎಂಬುದರ ಲೆಕ್ಕ, ಅಂಕಿ ಹೆಚ್ಚಿದಷ್ಟೂ ದನಿ ಸಣ್ಣಗಾಗುತ್ತದೆ ಎಂದು ಆಗ ಓದಿ ತಿಳಿದುಕೊಂಡೆ. ಒಂದು ಸೊನ್ನೆ ಅಳಿಸಿ ನಾಲ್ಕು ನೂರು ಮಾಡಿದೆ. ಸ್ಪೀಕರಿನಿಂದ ಶಂಖ ಊದಿದ ಹಾಗೆ ಸದ್ದು ಬಂತು. ಅಳಿಸಿದ ಸೊನ್ನೆ ಮತ್ತೆ ಹಾಕಿದೆ, ನನಗೆ ಮೌನ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗನ್ನು ಕಿವಿಗೆ ಒತ್ತಿಕೊಂಡಳು. ಸೌಂಡ್ ಕಾರ್ಡ್ ಎರಡನೆಯ ದಿನವೇ ದೋಷಮುಕ್ತವಾಗಿ ಬಿಡುಗಡೆಯಾಗಿತ್ತು. ನಾನು ಅದನ್ನು ಸುಮ್ಮನೆ ಸೆರೆಯಲ್ಲಿ ಇಟ್ಟುಕೊಂಡಿದ್ದೆ.

ಅವಳು ಗೆದ್ದೆ ಎನ್ನಲಿಲ್ಲ. "ಕಾಫಿ ಆರಿಹೋಗ್ತದೆ" ಎಂದಳು.

ಮರುದಿನ ಬೆಳಗ್ಗೆ ಆ ನೆಂಟರ ಹುಡುಗನ ಫೋನ್ ಬಂತು. "ಮಾವಾ, ನಾಲ್ಕನೇ ತರಿ ಒಂದು ಥರಾ ಆಡ್ತಾ ಇದೆ. ಒಂದು ಸಲ ಬಂದು ಕೇಳಿಬಿಟ್ಟು ಹೋಗಿ."

ಹೋದೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಹತ್ತು ಸಲ ಜೋಡಿಸಿಕೊಂಡೆ. ಶೆಡ್ಡಿನೊಳಗೆ ಕಾಲಿಟ್ಟಾಗ ನೆನಪಾಯಿತು, ಅಲ್ಲಿ ಮಾತು ನಡೆಯುವುದಿಲ್ಲ. ತರಿ ಓಡುವಾಗ ನಮ್ಮವರು ಕೈಯಲ್ಲಿ, ಹುಬ್ಬಿನಲ್ಲಿ ಮಾತಾಡುತ್ತಾರೆ. ನಾನು ಕಿವಿ ಮುಟ್ಟಿ ಕೈ ಅಲ್ಲಾಡಿಸಿದೆ. ಸದ್ದಿನಲ್ಲಿ ಕೇಳಿಸುತ್ತಿಲ್ಲ ಎನ್ನುತ್ತಿದ್ದೇನೆಂದುಕೊಂಡು ಅವನು ನಕ್ಕು ತಲೆಯಾಡಿಸಿದ. ಅಲ್ಲಿ ಯಾರಿಗೂ ಮಾತು ಕೇಳಿಸುತ್ತಿರಲಿಲ್ಲ, ಅದೇ ತೊಂದರೆ.

ಕೊನೆಗೆ ಎರಡೂ ಕೈ ಎತ್ತಿ, ಎಲ್ಲವನ್ನೂ ನಿಲ್ಲಿಸು ಎಂದೆ. ಎಲ್ಲ ತರಿಗಳನ್ನೂ ಒಟ್ಟಿಗೆ ನಿಲ್ಲಿಸುವುದು ಸಾವಿನ ಸುದ್ದಿಗೆ ಮಾತ್ರ. ಅವನ ಮುಖ ಬಿಳಿಚಿತು. ಒಂದೊಂದಾಗಿ ಸದ್ದು ಸತ್ತಿತು. ಕೆಲಸದವರೆಲ್ಲ ನನ್ನ ಕಡೆ ತಿರುಗಿದರು.

"ಯಾರು ಮಾವಾ?" ಎಂದ, ಮೆಲ್ಲಗೆ.

"ನನ್ನ ಕಿವಿ ಕಣಪ್ಪಾ. ಸಣ್ಣ ಸದ್ದು ಕೇಳಿಸಲ್ಲ. ಹೋದ ಸಲದ ಬೇರಿಂಗು ಎಣ್ಣೆ ತಪ್ಪಲ್ಲ, ನನ್ನ ತಪ್ಪು."

"ಇದನ್ನ ಹೇಳೋಕೆ ಇಪ್ಪತ್ತು ತರಿ ನಿಲ್ಲಿಸಿದ್ರಾ? ನಾನು ಅಮ್ಮನಿಗೇನೋ ಆಯ್ತು ಅಂದುಕೊಂಡೆ!" ಎಂದು ಅವನು ಬೈದ. ಆಮೇಲೆ ದನಿ ಇಳಿಸಿ, "ಹಾಗಾದ್ರೆ ನಾಲ್ಕನೇದು? ಯಾರು ಕೇಳೋದು?" ಎಂದ.

ನೂಲು ಸುತ್ತುವ ಹೆಂಗಸೊಬ್ಬಳು ಮೂಲೆಯಲ್ಲಿದ್ದಳು. ಅವಳನ್ನು ಕರೆಸಿ, ನಾಲ್ಕನೆಯದೊಂದನ್ನೇ ಓಡಿಸಿ, ಏನು ಕೇಳಿಸುತ್ತದೋ ಹಾಗೇ ಬಾಯಲ್ಲಿ ಮಾಡಿ ತೋರಿಸು ಎಂದೆ. ಅವಳು ನಾಚಿಕೊಂಡು, ತರಿಯ ಎಡಮಗ್ಗುಲಿಗೆ ಕಿವಿಕೊಟ್ಟು, ಬಂದು ನನ್ನ ಮುಂದೆ "ಕ್ರೀಂಕ್... ಕ್ರೀಂಕ್..." ಎಂದಳು. ಅವಳ ದನಿ ದಪ್ಪ, ನನಗೆ ಚೆನ್ನಾಗಿ ಕೇಳಿಸಿತು.

"ಲಾಳಿ ಹಿಂದೆ ಬರುವಾಗಲೋ, ಮುಂದೆ ಹೋಗುವಾಗಲೋ?"

ಅವಳು ಮತ್ತೆ ಕೇಳಲು ಹೋದಳು. ನಾನು ಸ್ಟೂಲ್ ಎಳೆದುಕೊಂಡು ಕೂತೆ.