ಬಾನೆಟ್ಟಿನ ಮೇಲಿನ ಮಲ್ಲಿಗೆ

ಮೊನ್ನೆ ಹೆಬ್ಬಾಳದ ಸಿಗ್ನಲ್ಲಿನಲ್ಲಿ ನನ್ನ ಸ್ಕೂಟರಿನ ಪಕ್ಕ ಒಂದು ಹೊಸ ಕಾರು ಬಂದು ನಿಂತಿತು. ಆಗಷ್ಟೇ ದೇವಸ್ಥಾನದಲ್ಲಿ ಪೂಜೆ ಮುಗಿಸಿಕೊಂಡು ಬಂದದ್ದು; ಗಾಜಿಗೆ ಅರಿಶಿನ ಕುಂಕುಮ, ಬಾನೆಟ್ಟಿನ ಮೇಲೆ ದಪ್ಪನೆಯ ಮಲ್ಲಿಗೆ ಹಾರ. ಕೆಳಗಿನ ಎಂಜಿನ್ನಿನ ಬಿಸಿಗೆ ಹೂವು ಬೆಂದು ಒಂದು ವಾಸನೆ ಬರುತ್ತಿತ್ತು. ಅರಳಿದ ಮಲ್ಲಿಗೆಯದಲ್ಲ, ಬಾಡಿದ ಮಲ್ಲಿಗೆಯದೂ ಅಲ್ಲ. ಮಲ್ಲಿಗೆಯನ್ನು ಬೇಯಿಸುವ ದುರ್ಬುದ್ಧಿ ಯಾರಿಗೂ ಬರುವುದಿಲ್ಲವಾದ್ದರಿಂದ ನಿಮಗೆ ಈ ವಾಸನೆಯ ಪರಿಚಯ ಇರಲಾರದು. ನನಗೆ ಇದೆ. ನನ್ನ ಅಕ್ಕನ ಮಗಳು ವಿನುತಳ ಮದುವೆಯ ಹಿಂದಿನ ದಿನ, ಇದೇ ಹೆಬ್ಬಾಳದಲ್ಲಿ ಅದು ನನ್ನ ಮೂಗಿಗೆ ಬಡಿದಿತ್ತು. ಹಿಂದಿನವರು ಹಾರ್ನ್ ಹೊಡೆದು ಬೈಯುವವರೆಗೆ ಹಸಿರು ದೀಪ ಬಿದ್ದದ್ದೇ ನನಗೆ ತಿಳಿಯಲಿಲ್ಲ.

ವಿನುತಳ ಅಪ್ಪ, ಅಂದರೆ ನನ್ನ ಭಾವ, ಅಲ್ಲಾಳಸಂದ್ರದ ಹಳೆಯ ಮನೆತನದವರು. ಯಲಹಂಕದಲ್ಲಿ ಕನ್ನಡಕದ ಅಂಗಡಿ. ಮಾತು ಬಹಳ ಕಡಿಮೆ. 'ಈಗ ಕಾಣ್ಸುತ್ತಾ? ಈಗ?' ಎಂಬಷ್ಟರಲ್ಲೇ ದಿನದ ವ್ಯಾಪಾರ ಮುಗಿಸುವವರು. ಇಂಥ ಮನುಷ್ಯ ಐವತ್ತು ದಾಟಿದ ಮೇಲೆ, ಊರು ಬಿಟ್ಟು ಹೊರಟಿದ್ದ ಗಿರಾಕಿಯೊಬ್ಬರಿಂದ ಎರಡೇ ಸೀಟಿನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಕೊಂಡು ತಂದು ಮನೆ ಮುಂದೆ ನಿಲ್ಲಿಸಿದರು. ಅದರೊಳಗೆ ಕೂರುವುದೆಂದರೆ ಬಾವಿಗೆ ಇಳಿದ ಹಾಗೆ. ಏಳುವಾಗ ಯಾರಾದರೂ ಕೈ ಕೊಡಲೇಬೇಕು. ಅಕ್ಕ ಅದನ್ನು ಒಂದು ಸುತ್ತು ಹಾಕಿ ನೋಡಿದಳು. "ಮನೇಲಿ ಮೂರು ಜನ, ಸೀಟು ಎರಡು. ಲೆಕ್ಕದಲ್ಲಿ ನಾನಿಲ್ಲ ಬಿಡಿ" ಅಂದು ಒಳಗೆ ಹೋದಳು.

ಲೆಕ್ಕದಲ್ಲಿ ಇದ್ದವಳು ವಿನುತ. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ದೇವನಹಳ್ಳಿ ಕಡೆಗೆ ಒಂದು ಸುತ್ತು, ಆಮೇಲೆ ಊರೊಳಗೆ ತಿಂಡಿಗೆ. ಖಾಲಿ ರಸ್ತೆಯಲ್ಲಿ ಕಾರು ಹಾರಿಕೊಂಡು ಹೋಗುತ್ತಿತ್ತು. ಹೆಬ್ಬಾಳದ ಜಾಮಿನಲ್ಲಿ ಸಿಕ್ಕಿತೋ, ಮುಗಿಯಿತು. ರೇಡಿಯೇಟರ್ ಕುದಿದು, ಭಾವ ನೀರಿನ ಕ್ಯಾನು ಹಿಡಿದು ರಸ್ತೆ ಪಕ್ಕ ನಿಲ್ಲುವರು. ಹಾಗೆ ನಿಂತಾಗ ದಾಟಿಹೋಗುವ ಬಸ್ಸಿನವರೆಲ್ಲ ಇವರನ್ನೇ ನೋಡುವರು. ಒಂದೆರಡು ಸಲ ಆ ಬಸ್ಸಿನಲ್ಲಿ ನಾನೂ ಇದ್ದೆ. ಗುರುತು ಸಿಗದವನಂತೆ ಮುಖ ತಿರುಗಿಸಿಕೊಂಡಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ.

ವಿನುತ ಮೆಕ್ಯಾನಿಕಲ್ ಓದಿದ ಹುಡುಗಿ. ಅವಳ ಪ್ರಕಾರ ಕಾರಿನ ತಪ್ಪೇನೂ ಇರಲಿಲ್ಲ. "ಮಾವ, ಗಾಳಿ ಮುಂದಿನ ಜಾಲರಿಯಿಂದ ಒಳಗೆ ಬರುತ್ತೆ, ರೇಡಿಯೇಟರ್ ದಾಟಿ ಬಿಸಿಯಾಗುತ್ತೆ. ಆಮೇಲೆ ಆಚೆ ಹೋಗೋಕೆ ದಾರಿನೇ ಇಲ್ಲ. ಅಡುಗೆಮನೆಗೆ ಬಾಗಿಲಿದೆ, ಹೊಗೆಗೂಡು ಇಲ್ಲ ಅಂದ್ಕೊಳ್ಳಿ. ಬಾನೆಟ್ ಮೇಲೆ ಸೀಳು ಕೊಯ್ಸಿದ್ರೆ ಮುಗೀತು." ಇಲ್ಲಿಂದ ನಾನು ಮನುಷ್ಯರ ಎದೆಯ ಬಿಸಿಗೂ ಒಂದು ಕಿಂಡಿ ಬೇಕೆಂದು ಉಪದೇಶ ಶುರುಮಾಡುತ್ತೇನೆಂದು ಹೆದರಬೇಡಿ. ಆ ಕಾಲದಲ್ಲಿ ನನಗೆ ತೋಚಿದ್ದು ಇಷ್ಟೇ: ಇವಳು ಹೇಳುವುದು ಸರಿ, ಭಾವ ಒಪ್ಪುವುದಿಲ್ಲ. ಹಾಗೇ ಆಯಿತು. "ಚೆನ್ನಾಗಿರೋ ತಗಡನ್ನ ಯಾಕಮ್ಮ ಕುಯ್ಯೋದು" ಅಂದು ಅವರು ಬಟ್ಟೆ ತಗೊಂಡು ಬಾನೆಟ್ ಒರೆಸತೊಡಗಿದರು.

ಆದರೂ ಒಂದು ಭಾನುವಾರ, ಬಾನೆಟ್ಟಿನ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ನೋಡುವ ಪರೀಕ್ಷೆಗೆ ಮಾತ್ರ ಒಪ್ಪಿದರು. ಅಕ್ಕ ಸ್ವೆಟರ್ ಹೆಣೆದು ಉಳಿದಿದ್ದ ಹಳದಿ ಉಣ್ಣೆಯನ್ನು ವಿನುತ ಬೆರಳುದ್ದ ಕತ್ತರಿಸಿ, ಒಂದೊಂದು ತುಂಡಿನ ಒಂದು ತುದಿಯನ್ನು ಟೇಪಿನಿಂದ ಬಾನೆಟ್ಟಿನ ತುಂಬ ಅಂಟಿಸಿದಳು. ಭಾವ ಕಾರು ಓಡಿಸುವುದು, ಪಕ್ಕದಲ್ಲೇ ನನ್ನ ಪುಟ್ಟ ಕಾರಿನಲ್ಲಿ ನಾವಿಬ್ಬರು. ನಾನು ಓಡಿಸುವುದು, ಅವಳು ಕಿಟಕಿಯಿಂದ ಫೋನು ಹಿಡಿದು ವಿಡಿಯೋ ತೆಗೆಯುವುದು. ಮುಂಭಾಗದ ಎಳೆಗಳು ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಲಗಿದ್ದವು. ಗಾಜಿನ ಬುಡದವು ಮಾತ್ರ ಎದ್ದು, ತಿರುಗಿ, ಗೊತ್ತುಗುರಿಯಿಲ್ಲದೆ ಕುಣಿಯುತ್ತಿದ್ದವು. "ನೋಡಿ, ಗಾಜಿನ ಹತ್ರ ಗಾಳಿ ಬಂದು ಗುಡ್ಡೆ ಬೀಳುತ್ತೆ. ಅಲ್ಲಿ ಕೊಯ್ದ್ರೆ ಬಿಸಿ ಆಚೆ ಹೋಗಲ್ಲ, ಹೊರಗಿನ ಗಾಳಿನೇ ಒಳಗೆ ನುಗ್ಗುತ್ತೆ. ರೇಡಿಯೇಟರ್ ಹಿಂದುಗಡೆ, ಮುಂದೇನೇ ಕೊಯ್ಬೇಕು" ಅಂದಳು. ಟೀ ಕುಡಿಯಲು ನಿಲ್ಲಿಸಿದಲ್ಲಿ ಅಂಗಡಿಯವನು ಉಣ್ಣೆಯನ್ನೆಲ್ಲ ಬಗ್ಗಿ ನೋಡಿ, "ಯಾವ ದೇವ್ರಿಗೆ ಅರಕೆ ಸಾರ್?" ಎಂದು ಕೇಳಿದ. ಭಾವ ಮಗಳ ಕಡೆ ನೋಡಿ, "ಮನೆ ದೇವ್ರಿಗೆ ಕಣಪ್ಪ" ಅಂದರು. ಅವರು ಆಡಿದ ಅತಿ ದೊಡ್ಡ ಮಾತು ಅದೇ ಇರಬೇಕು.

ಆಮೇಲೆ ವಿನುತ ತಾನು ಮೆಚ್ಚಿದ ಹುಡುಗನ ವಿಷಯ ಮನೆಯಲ್ಲಿ ಹೇಳಿದಳು. ಪುಣೆಯ ಹುಡುಗ, ಬೇರೆ ಭಾಷೆ. ಭಾವ "ಆಯ್ತು" ಅಂದರು, ಅಷ್ಟೇ. ಬೈಯಲಿಲ್ಲ, ಸಂತೋಷ ಅನ್ನಲಿಲ್ಲ, ಹುಡುಗ ಹೇಗೆ ಎಂದೂ ಕೇಳಲಿಲ್ಲ. ಮದುವೆ ಕೆಲಸದಲ್ಲಿ ಭಾನುವಾರದ ಸುತ್ತಾಟ ತಪ್ಪಿತು. ಅಪ್ಪ ಮಗಳಿಗೆ ಮಾತಾಡಲು ಇದ್ದ ಜಾಗವೇ ಅದೊಂದು. "ಅಪ್ಪಂಗೆ ಇಷ್ಟ ಇಲ್ವಾ ಮಾವ? ಬೇಕಾದ್ರೆ ಬೈಲಿ. ಹೋಗೋಕ್ ಮುಂಚೆ ಒಂದ್ ಮಾತು ಆಡ್ಲಿ ಸಾಕು" ಎಂದು ವಿನುತ ನನ್ನೆದುರು ಕಣ್ಣೀರು ಹಾಕಿದಳು. ನಾನು ಭಾವನ ಹತ್ತಿರ ಹೋಗಿ ಕೂತೆ. ಅವರು, "ಅವಳನ್ನ ಛತ್ರಕ್ಕೆ ನಾನೇ ಕರ್ಕೊಂಡ್ ಹೋಗ್ತೀನಿ. ಆ ಕಾರಲ್ಲಿ, ನಾವಿಬ್ರೇ" ಅಂದರು. ಹೆಣ್ಣನ್ನು ಕರೆದೊಯ್ಯುವ ಹಕ್ಕು ಸೋದರಮಾವನದು ಎಂದು ಹೊಸ ಪಂಚೆ ಕೊಂಡಿಟ್ಟುಕೊಂಡಿದ್ದ ನನಗೆ ಸ್ವಲ್ಪ ಮುಖಭಂಗವೇ ಆಯಿತು.

ಅದೇ ವಾರ ನನ್ನನ್ನು ಕೂರಿಸಿಕೊಂಡು ಯಶವಂತಪುರದ ಒಂದು ವರ್ಕ್‌ಶಾಪಿಗೆ ಹೋದರು. ಬಾನೆಟ್ ಕೊಯ್ಯಲು ತೊಡಗಿದಾಗ ಹೊರಗೆ ಬಂದು, ಬೆನ್ನು ತಿರುಗಿಸಿ ಫುಟ್‌ಪಾತಿನ ಮೇಲೆ ನಿಂತರು. ಒಳಗಿನಿಂದ ತಗಡು ಕಿರುಚುವ ಸದ್ದು. ಕೊನೆಗೆ ಸೀಳುಗಳು ಮೀನಿನ ಕಿವಿರಿನಂತೆ ಸಾಲಾಗಿ, ಅಂಚು ಮಡಿಸಿಕೊಂಡು ಅಚ್ಚುಕಟ್ಟಾಗಿ ಬಂದವು. ವಿನುತ ನೋಡಿ ಅವುಗಳ ಮೇಲೆ ಬೆರಳಾಡಿಸಿದಳು. "ಜಾಗ ಸರಿಯಾಗಿದೆ" ಅಂದಳು. "ಉಣ್ಣೆ ನೋಡೇ ಮಾಡ್ಸಿದ್ದು" ಅಂದರು ಭಾವ. ಇಬ್ಬರೂ ಅಲ್ಲಿಗೇ ನಿಲ್ಲಿಸಿದರು. ನನಗೆ ಇಬ್ಬರ ತಲೆಯನ್ನೂ ಹಿಡಿದು ಕುಟ್ಟಬೇಕು ಅನ್ನಿಸಿತು.

ಮದುವೆಯ ಛತ್ರ ಯಶವಂತಪುರದಲ್ಲಿ. ಹಿಂದಿನ ದಿನ ಸಂಜೆ ಆರತಕ್ಷತೆ, ಅಂದು ಮಧ್ಯಾಹ್ನವೇ ರಾಹುಕಾಲಕ್ಕೆ ಮುಂಚೆ ಮನೆಯಿಂದ ಹೆಣ್ಣನ್ನು ಹೊರಡಿಸಬೇಕು. ಅಕ್ಕ ಗಂಡನ ಕಾರಿಗೆ ಮೊದಲ ಸಲ ಮರ್ಯಾದೆ ಮಾಡಲು ಹೂವಿನವನನ್ನು ಕರೆಸಿದ್ದಳು. ಅವನು ಮಲ್ಲಿಗೆ ಗುಲಾಬಿಯ ಒಂದು ಚಾದರವನ್ನೇ ಬಾನೆಟ್ಟಿಗೆ ಹೊದಿಸಿದ. "ಈ ಸಂದುಗಳು ದಾರ ಕಟ್ಟೋಕೆ ಹೇಳಿ ಮಾಡ್ಸಿದಂಗವೆ ಸಾರ್" ಎಂದು ಮೆಚ್ಚಿಕೊಂಡು ಕಟ್ಟಿದ. ಭಾವ ಬಟ್ಟೆ ಹಾಕಿಕೊಳ್ಳುತ್ತಿದ್ದರು, ವಿನುತ ಶಾಸ್ತ್ರಕ್ಕೆ ಕೂತಿದ್ದಳು. ಉಳಿದ ನಾವೆಲ್ಲ ಎಷ್ಟು ಚೆನ್ನಾಗಿದೆ ಅಂದೆವು. ರಾಹುಕಾಲದ ಅವಸರದಲ್ಲಿ ಅಪ್ಪ ಮಗಳು ಬಾನೆಟ್ಟಿನ ಕಡೆ ನೋಡದೆಯೇ ಹತ್ತಿ ಕೂತರು.

ಕೆಂಪು ಕಾರಿನ ಹಿಂದೆ ನಮ್ಮ ವ್ಯಾನು. ಹೆಬ್ಬಾಳದ ಫ್ಲೈಓವರಿಗೆ ಮುಂಚೆ ಗಾಡಿಗಳೆಲ್ಲ ಒತ್ತಿಕೊಂಡು ನಿಂತಿದ್ದವು. ಏಪ್ರಿಲ್ಲಿನ ಬಿಸಿಲು. ಭಾವನ ಕಾರು ಪಕ್ಕಕ್ಕೆ ಸರಿದು ನಿಂತಾಗ ನಾವೆಲ್ಲ ಇಳಿದು ಓಡಿದೆವು. ಆಗಲೇ ಆ ವಾಸನೆ ಬಂದದ್ದು. ಬಿಸಿಯನ್ನು ಆಚೆ ಬಿಡಲೆಂದು ಕೊಯ್ಸಿದ ಸೀಳುಗಳ ಮೇಲೆ ಮೊಳದುದ್ದದ ಹೂವು ಬೇಯುತ್ತ ಕೂತಿತ್ತು. ನಡುದಾರಿಯಲ್ಲಿ ಹೆಣ್ಣು ನಿಲ್ಲಬಾರದೆಂದು ಅಕ್ಕ ಗಾಬರಿಬಿದ್ದು, "ಅವಳನ್ನ ವ್ಯಾನ್ ಹತ್ತಿಸ್ರೀ" ಅಂದಳು. ಭಾವ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏರಿದ್ದನ್ನು ನೋಡಿದರು, ಮಗಳನ್ನು ನೋಡಿದರು. "ಹೋಗಮ್ಮ. ನಾನು ಇದು ತಣ್ಣಗಾದ್ಮೇಲೆ ಬರ್ತೀನಿ" ಅಂದರು. ಆ ಮುಖವನ್ನು ನಾನು ಮರೆಯಲಾರೆ. ಪೆಟ್ಟು ತಿಂದ ಮಕ್ಕಳ ಮುಖ ಹಾಗಿರುತ್ತದೆ.

ವಿನುತ ಇಳಿಯಲಿಲ್ಲ. "ಹೂವು ತೆಗೀರಿ ಸಾಕು. ಅಪ್ಪ, ಹೀಟರ್ ಹಾಕಿ, ಫುಲ್" ಅಂದಳು. ಚಳಿಗಾಲಕ್ಕೆಂದು ಇರುವ ಆ ಹೀಟರು ಎಂಜಿನ್ನಿನ ಬಿಸಿಯನ್ನೇ ಎಳೆದು ಕೂತವರ ಮೇಲೆ ಊದುತ್ತದಂತೆ. ಎಂಜಿನ್ನಿಗೆ ಅಷ್ಟು ಹೊರೆ ಕಮ್ಮಿ. ಹೆಣ್ಣಿನ ಗಾಡಿಯ ಹೂವು ಕೀಳುವುದು ಹೇಗೆಂದು ನಾವು ಹಿಂದೆಮುಂದೆ ನೋಡುತ್ತಿದ್ದೆವು. ಅಕ್ಕನೇ ಮುಂದೆ ಬಂದಳು. ಕೈ ಸುಡುತ್ತಿದ್ದರೂ ಒಂದೊಂದೇ ದಾರ ಬಿಚ್ಚಿ ಬೆಂದ ಹೂವನ್ನೆಲ್ಲ ಸೆರಗಿಗೆ ತುಂಬಿಕೊಂಡಳು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು. ಅವರಿಬ್ಬರೂ ಹೊರಟರು. ಫ್ಲೈಓವರಿನ ತಿರುವಿನಲ್ಲಿ ನೋಡಿದೆ, ಸೀಳುಗಳ ಮೇಲೆ ಬಿಸಿಗಾಳಿ ನಡುಗುತ್ತ ಮೇಲೇಳುತ್ತಿತ್ತು. ಒಳಗೆ ಎರಡು ತಲೆಗಳು, ಎರಡೂ ನೇರ ಮುಂದಕ್ಕೆ.

ಛತ್ರದ ಬಾಗಿಲಲ್ಲಿ ಇಳಿದಾಗ ಭಾವನ ಶರ್ಟು ಹಿಂಡುವಂತಿತ್ತು. ವಿನುತಳ ಕಾಡಿಗೆ ಕೆನ್ನೆಗಿಳಿದು ಅರಿಶಿನದೊಡನೆ ಕಲೆಸಿಹೋಗಿತ್ತು. ಹುಡುಗನ ತಾಯಿ ನೋಡಿ, ದಾರಿಯುದ್ದಕ್ಕೂ ಅತ್ತಿದ್ದಾಳೆ ಪಾಪ ಎಂದು ತಾವೂ ಕಣ್ಣೊರೆಸಿಕೊಂಡರು. ಸೋದರಮಾವನಾಗಿ ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಆ ಕೈ ಕಾದಿತ್ತು, ಮುಖ ಮಾತ್ರ ನಗುತ್ತಿತ್ತು. ಅಪ್ಪನಿಗೆ ಇಷ್ಟವಿಲ್ಲವಾ ಎಂದು ಆಮೇಲೆ ಅವಳು ಯಾವತ್ತೂ ಕೇಳಲಿಲ್ಲ. ಆ ಕಾರಿನಲ್ಲಿ ಭಾವ ಕೊನೆಗೂ ಬಾಯಿ ಬಿಟ್ಟಿದ್ದಾರೆ ಎಂದುಕೊಂಡೆ. ಇಷ್ಟು ವರ್ಷ ಅವರ ಪರವಾಗಿ ನಾನೇ ಮನಸ್ಸಿನಲ್ಲಿ ಒಂದು ಒಳ್ಳೆಯ ಭಾಷಣ ಬರೆದಿಟ್ಟುಕೊಂಡಿದ್ದೆ. ಅದರಲ್ಲಿ ಆಶೀರ್ವಾದವಿತ್ತು, ಬುದ್ಧಿಮಾತಿತ್ತು, ಒಂದಿಷ್ಟು ಬಿಕ್ಕಳಿಕೆಯೂ ಇತ್ತು.

ಮೊನ್ನೆ ಸಿಗ್ನಲ್ ದಾಟಿ ಮನೆಗೆ ಬಂದವನೇ ಪುಣೆಗೆ ಫೋನು ಮಾಡಿದೆ. ಭಾವ ಪಕ್ಕದ ಬೀದಿಯಲ್ಲೇ ಇದ್ದಾರೆ, ಆದರೆ ಅವರನ್ನು ಕೇಳಿ ಪ್ರಯೋಜನವಿಲ್ಲ.

"ವಿನು, ಅವತ್ತು ಛತ್ರಕ್ಕೆ ಹೋಗ್ತಾ ಅಪ್ಪ ಏನಂದ್ರು?"

ಅವಳು ನಕ್ಕಳು. "ಏನಿಲ್ಲ ಮಾವ. ಫ್ಲೈಓವರ್ ಇಳೀತಾ ಒಂದ್ಸಲ, 'ಸೆಕೆ ಆಗ್ತಿದ್ಯಾಮ್ಮ?' ಅಂದ್ರು."

"ನೀನೇನಂದೆ?"

"ಇಲ್ಲಪ್ಪ ಅಂದೆ."

ಹೀಟರು ಪೂರ್ತಿ ಊದುತ್ತಿದ್ದ ಆ ಕಾರು, ಆ ರೇಷ್ಮೆ ಸೀರೆ, ಎಲ್ಲ ನನ್ನ ಕಣ್ಣೆದುರು ಬಂತು. "ಅಷ್ಟೇನಾ?" ಅಂದೆ.



"'ನಂಗೂ ಇಲ್ಲ' ಅಂದ್ರು, ಮಾವ."