ಮೊದಲ ಮಾಸ್ತರಿಗೆ ಕೊಡ್ರಿ

ಕಳೆದ ವಾರ ಗದಗಿನ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿಯವನು ಸೇಬಿನ ಪೆಟ್ಟಿಗೆ ಒಡೆಯುತ್ತಿದ್ದ. ರಟ್ಟು ಮತ್ತು ಸೇಬು ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ತಲೆಯೆತ್ತಿ ಮೇಲೆ ನೋಡಿದೆ. ನೆರಳಿಗೆ ಕಟ್ಟಿದ ತಾಡಪತ್ರಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಆದರೂ ಪಕ್ಕಕ್ಕೆ ಸರಿದು ನಿಂತೆ. ಎಡಭುಜದ ಹಳೆಯ ನೋವು ಚುಳ್ಳೆಂದಿತು...

ನಾವೆಲ್ಲ ಸಾಹೇಬರು ಎನ್ನುತ್ತಿದ್ದವರು ನಮ್ಮ ಭಾಗದ ಶಾಸಕರಾಗಿದ್ದರು, ಅದೂ ಒಂದೇ ಅವಧಿಗೆ. ನಾನಾಗ ಲಕ್ಷ್ಮೇಶ್ವರದ ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ದನಿ ಚೆನ್ನಾಗಿದೆ ಎಂದು ಅವರ ಕಾರ್ಯಕ್ರಮಗಳ ನಿರೂಪಣೆಗೆ ನನ್ನನ್ನೇ ಕರೆಯುತ್ತಿದ್ದರು. ಶಿರಹಟ್ಟಿಯಲ್ಲಿ ರಸ್ತೆಯ ಭೂಮಿಪೂಜೆ ಇರಲಿ, ಬೆಳ್ಳಟ್ಟಿಯಲ್ಲಿ ಸಮುದಾಯ ಭವನದ ಉದ್ಘಾಟನೆ ಇರಲಿ, ಮೈಕು ನನ್ನ ಕೈಯಲ್ಲಿ.

ಮೊದಲ ಚುನಾವಣೆಯಲ್ಲಿ ಅವರು ಸೋತಿದ್ದರು. ಆ ಸೋಲಿನ ಮಾತು ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಹೊರಗಿನವ್ರು ಸೋಲಿಸಲಿಲ್ರಿ ಮಾಸ್ತರ. ನನ್ನ ಗಾಡ್ಯಾಗ ಕುಂತವ್ರು ಸೋಲಿಸಿದ್ರು." ಅಂದಿನಿಂದ ಅವರು ಯಾರನ್ನೂ ನಂಬಿದಂತೆ ಕಾಣಲಿಲ್ಲ. ಎಲ್ಲಿ ಹೋದರೂ ಗೋಡೆಗೆ ಬೆನ್ನು ಕೊಟ್ಟೇ ಕೂರುವರು. ಯಾವ ದಾರಿ ಹಿಡಿಯಬೇಕೆಂದು ಡ್ರೈವರನಿಗೆ ದಾರಿ ಒಡೆಯುವ ಜಾಗಕ್ಕೆ ಬಂದ ಮೇಲೆಯೇ ಹೇಳುವರು. ವೇದಿಕೆ ಹತ್ತುವ ಮುನ್ನ ಪೆಂಡಾಲಿನ ಕಂಬವನ್ನು ಕೈಯಿಂದ ಅಲುಗಿಸಿ ನೋಡುವರು.

ಯಾರ ಮನೆಯಲ್ಲಿ ಏನು ಕೊಟ್ಟರೂ, ಪೇಡೆಯಾಗಲಿ, ಗಿರಮಿಟ್ಟಾಗಲಿ, ಬಿಸಿ ಹಾಲಾಗಲಿ, "ಮೊದಲ ಮಾಸ್ತರಿಗೆ ಕೊಡ್ರಿ" ಎನ್ನುತ್ತಿದ್ದರು. ನಾನು ತಿಂದು ಮುಗಿಸುವವರೆಗೆ ನಗುತ್ತ ನನ್ನನ್ನೇ ನೋಡುತ್ತಿದ್ದರು. ಕಲಿತವರಿಗೆ ಕೊಡುವ ಮರ್ಯಾದೆ ಎಂದುಕೊಂಡು ನಾನು ಮನೆಯಲ್ಲಿ ಹೆಮ್ಮೆಯಿಂದ ಹೇಳಿದೆ. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಅವ್ರು ನಿಮಗ ಪ್ರೀತಿಲೆ ತಿನಸ್ತಾರೋ, ನಿಮಗೇನಾರ ಆಗತೈತೇನು ಅಂತ ನೋಡ್ತಾರೋ?"

"ಹುಚ್ಚಿ, ಸಿನಿಮಾ ಭಾಳ ನೋಡ್ತಿ" ಎಂದು ನಕ್ಕಿದ್ದೆ.

ಮುಂಡರಗಿಯಲ್ಲಿ ಅವರಿಗೆ ಸನ್ಮಾನವಿತ್ತು. ಅಭಿಮಾನಿಗಳು ಸೇಬಿನ ದೊಡ್ಡ ಹಾರ ಮಾಡಿಸಿ ಕ್ರೇನಿಗೆ ತೂಗುಹಾಕಿದ್ದರು. ಸಾಹೇಬರು ತೆರೆದ ಗಾಡಿಯ ಮೇಲೆ ಹಾರದ ನೇರಕ್ಕೆ ನಿಲ್ಲಬೇಕು, ಕ್ರೇನಿನವನು ಮೇಲಿನಿಂದ ಇಳಿಸಬೇಕು. ನಾನು ಪಕ್ಕದಲ್ಲಿ ಮೈಕು ಹಿಡಿದಿದ್ದೆ. ಅವರು ಕತ್ತೆತ್ತಿ ಕೊಕ್ಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಿಸೆಗೆ ಕೈ ಹಾಕಿದರು.

"ಫೋನ್ ಬಂತು. ಮಾಸ್ತರ, ನೀವು ಇಲ್ಲೇ ನಿಂದರ್ರಿ, ಕ್ರೇನಿನವಗ ಅಂದಾಜು ಸಿಗಲಿ" ಎಂದು ನನ್ನ ಬೆನ್ನಿಗೆ ಮೆಲ್ಲಗೆ ಕೈಯಿಟ್ಟು ತಮ್ಮ ಜಾಗದಲ್ಲಿ ನಿಲ್ಲಿಸಿ ಹಿಂದೆ ಸರಿದರು.

ಕೊಕ್ಕೆಯಿಂದ ಹಾರ ಕಳಚಿ ಬಿತ್ತು. ಕತ್ತಲು ಕವಿದಂತಾಯಿತು, ಭುಜದಲ್ಲಿ ಏನೋ ಮುರಿದ ಸದ್ದು. ಕಣ್ಣು ತೆರೆದಾಗ ನಾನು ರಸ್ತೆಯ ಮೇಲಿದ್ದೆ. ಜನ ನನ್ನ ಸುತ್ತ ಬಗ್ಗಿ ಸೇಬು ಆರಿಸುತ್ತಿದ್ದರು.

"ಲೇ, ಕೆಳಗ ಮನಷ್ಯಾ ಬಿದ್ದಾನಲೇ!"

"ಅಂವ ಎಲ್ಲಿ ಓಡಿ ಹೋಕ್ಕಾನ? ಮೊದಲ ಹಣ್ಣು ಬಾಚ್ಕೋ!"

ಇನ್ನೊಂದು ಗೇಣು ಆಚೆ ನಿಂತಿದ್ದರೆ ಪೆಟ್ಟು ತಲೆಗೇ ಬೀಳುತ್ತಿತ್ತು ಎಂದರು ಡಾಕ್ಟರು. ವಿರೋಧಿಗಳ ಕೈವಾಡ ಎಂದು ಸಾಹೇಬರ ಕಡೆಯವರು ಕೂಗಾಡಿದರು. ಹಾರ ಕಟ್ಟಿದ ಹಗ್ಗ ಹಳೆಯದಿತ್ತು ಎಂದ ಕ್ರೇನಿನವನು. ನನ್ನನ್ನು ನೋಡಲು ಬಂದ ಡ್ರೈವರ್ ಮಾತ್ರ ಬಾಯಿತಪ್ಪಿ ಅಂದ: "ಸಾಹೇಬ್ರ ಫೋನ್ ಅವತ್ತ ಗಾಡ್ಯಾಗ ಚಾರ್ಜಿಗಿತ್ತಲ್ರಿ..." ನನ್ನ ಮುಖ ನೋಡಿ ತಕ್ಷಣ ಸೇರಿಸಿದ: "ಇನ್ನೊಂದು ಫೋನ್ ಇತ್ತೇನ ಬಿಡ್ರಿ."

ಒಂದು ಮಧ್ಯಾಹ್ನ ಸಾಹೇಬರೇ ಗದಗಿನ ಆಸ್ಪತ್ರೆಗೆ ಬಂದರು. ಜೊತೆಯವರನ್ನೆಲ್ಲ ಹೊರಗೆ ಕಳಿಸಿ ಎಳನೀರು ಕೆತ್ತಿಸಿ ತರಿಸಿದರು. ನನಗೆ ಕೊಡುವ ಮೊದಲು, ನನ್ನ ಕಣ್ಣೆದುರೇ, ತಾವೇ ಒಂದು ಗುಟುಕು ಕುಡಿದರು. ಅಷ್ಟು ವರ್ಷಗಳಲ್ಲಿ ಅವರು ಮೊದಲು ಬಾಯಿಗಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಾನು ಕೈ ಚಾಚಲಿಲ್ಲ. "ಸಾಹೇಬ್ರ, ಹಾರ ಬೀಳತೈತಿ ಅಂತ ನಿಮಗ ಗೊತ್ತಿತ್ತೇನ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಇನ್ನೂ ಭಯ ಹುಟ್ಟಿಸುತ್ತದೆ. "ಗೊತ್ತಿರಲಿಲ್ಲ" ಎಂದರು. ಎಳನೀರು ಕೈಯಲ್ಲೇ ಹಿಡಿದು, "ಸಂಶೆ ಅಂತೂ ನನಗ ಎಲ್ಲಾದರ ಮ್ಯಾಲೂ ಇರತೈತಿ, ಮಾಸ್ತರ" ಎಂದರು. ಎಳನೀರನ್ನು ಮೇಜಿನ ಮೇಲಿಟ್ಟು ಹೋದರು.

ಮುಂದಿನ ಚುನಾವಣೆಯಲ್ಲಿ ಸೋತರು. ಆಮೇಲೆ ಕಾಯಿಲೆ ಬಿದ್ದು ಹೋಗಿಬಿಟ್ಟರು. ಅಂತಿಮ ದರ್ಶನಕ್ಕೆ ಶಿರಹಟ್ಟಿಯಲ್ಲಿ ಸಾಲಿನಲ್ಲಿ ನಿಂತೆ. ಆ ಮುಖ ನೋಡುವಾಗಲೂ ನನಗೆ ಬಂದದ್ದು ಅಳುವಲ್ಲ, ಪ್ರಶ್ನೆ. ಬೆನ್ನ ಮೇಲೆ ಬಿದ್ದ ಆ ಮೆಲ್ಲನೆಯ ಕೈ... ಅದು ಸಲಿಗೆಯದೋ, ಲೆಕ್ಕಾಚಾರದ್ದೋ? ಹೇಳಬಲ್ಲವರು ಅವರೊಬ್ಬರೇ ಇದ್ದರು. ಅವರೊಂದಿಗೆ ನನ್ನ ಆ ವರ್ಷಗಳೂ ಹೋದವು. ನಿಜವಾಗಿ ಯಾರಿಗೋ ಬೇಕಾಗಿದ್ದೆ ಎಂದು ಇನ್ನು ಹೇಗೆ ಹೇಳಿಕೊಳ್ಳಲಿ?

ಇವತ್ತು ಬೆಳಿಗ್ಗೆ ಹೆಂಡತಿ ಚಹಾ ತಂದಳು. ನನ್ನ ಕಪ್ಪನ್ನೇ ಎತ್ತಿ ಒಂದು ಗುಟುಕು ಕುಡಿದು ಮುಂದೆ ಇಟ್ಟಳು.

"ಇದ್ಯಾಕ?" ಎಂದೆ.

"ಆರಿ ಹೊಂಟಿತ್ತು. ನಾ ಮೊದಲ ಕುಡಿಯೋತನಕ ನೀವು ಮುಟ್ಟೂದಿಲ್ಲಲ್ಲ, ಅದಕ್ಕ" ಎಂದಳು.